ಡ್ರ್ಯಾಗನ್ನಿನ ಕೊನೆಯ ಹದಿನಾರು ಪುಟ

ಹಕ್ಕುಸ್ವಾಮ್ಯ ಕಚೇರಿಯ ಮಾನ್ಯ ಪರವಾನಗಿ ಅಧಿಕಾರಿಗಳೇ,

ನಮ್ಮಜ್ಜಿಯ ಕತೆಯನ್ನು ನೀವು ವಶಪಡಿಸಿಕೊಂಡಿದ್ದೀರಿ. ಅದನ್ನು ವಾಪಸು ಕೇಳಲು ಈ ಪತ್ರ. ಹಿಂದಿನ ನಾಲ್ಕು ಪತ್ರಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಒಂದೇ ಉತ್ತರ ಬಂದದ್ದರಿಂದ, ಈ ಸಲ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಹಕ್ಕು ನಿಮ್ಮದಾಗಿರುವ ಹೆಸರಾಂತ ಡ್ರ್ಯಾಗನ್ ಕಾದಂಬರಿಯನ್ನು ನಮ್ಮ ಹವ್ಯಾಸಿ ತಂಡ ನಾಟಕ ಮಾಡಲು ಹೊರಟಾಗ ನೀವು ಕೊಟ್ಟ ಪರವಾನಗಿ ಉದಾರವಾಗಿಯೇ ಇತ್ತು. ರೆಕ್ಕೆಗಳ ಹಕ್ಕು ಆಟಿಕೆ ಕಂಪನಿಗೆ ಹೋಗಿತ್ತು, ಬೆಂಕಿಯುಗುಳುವುದು ವಿಡಿಯೋ ಗೇಮಿನವರಿಗೆ, ಹಾರಾಟ ಸಿನಿಮಾದವರಿಗೆ. ಉಳಿದ ಡ್ರ್ಯಾಗನ್ ನಮ್ಮದು. ತಾಲೀಮಿನಲ್ಲಿ ನಮ್ಮ ನಟ ಬೂದು ಕೋಟು ತೊಟ್ಟು, ಮೂರು ಅಂಕವೂ ಕುರ್ಚಿಯಲ್ಲಿ ಕೂತು ಕೆಮ್ಮಿದ. ಅದಕ್ಕೂ ನಾನು ತಕರಾರು ಮಾಡಲಿಲ್ಲ.

ತಪ್ಪು ನಡೆದದ್ದು ಕೊನೆಯ ದೃಶ್ಯದಲ್ಲಿ, ಮತ್ತು ಅದು ನನ್ನದೇ. ಅಜ್ಜಿ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಪುಸ್ತಕ ಹೊಲಿದವಳು. ನಮ್ಮ ಮನೆಯಲ್ಲಿದ್ದ ಕಾದಂಬರಿಯ ಪ್ರತಿ ಅಲ್ಲಿ ಹೊಲಿಗೆ ತಪ್ಪಿ ರದ್ದಾದದ್ದು: ಮೊದಲ ಹದಿನಾರು ಪುಟ ಎರಡು ಸಲ, ಕೊನೆಯ ಹದಿನಾರು ಇಲ್ಲವೇ ಇಲ್ಲ. ಓದುತ್ತಾ ಅಲ್ಲಿಗೆ ಬಂದರೆ ಅಜ್ಜಿ ಬರೀ ರಟ್ಟನ್ನು ನೋಡುತ್ತಾ, ದನಿ ಬದಲಿಸದೆ ಮುಂದುವರಿಸುತ್ತಿದ್ದಳು. ಮುದಿ ಡ್ರ್ಯಾಗನ್ ಬೇಕರಿಯಲ್ಲಿ ಒಲೆ ಹೊತ್ತಿಸುವ ಕೆಲಸಕ್ಕೆ ಸೇರಿ, ಮಕ್ಕಳ ಹತ್ತಿರ ಬೈಸಿಕೊಂಡು ಸುಖವಾಗಿತ್ತು. ಹೊಲಿಯುವಾಗ ಓದಿ ನೆನಪಿಟ್ಟುಕೊಂಡಿದ್ದಾಳೆ ಎಂದು ನಂಬಿ ನಾನು ಹಾಗೇ ಬರೆದೆ. (ನಾಟಕದಲ್ಲಿ ಒಲೆ ಹೊತ್ತಿಸುವುದು ಬೆಂಕಿಪೊಟ್ಟಣದಿಂದ; ಷರತ್ತು ನೆನಪಿತ್ತು.) ಮೂಲದಲ್ಲಿ ಡ್ರ್ಯಾಗನ್ನನ್ನು ಈಟಿಯಿಂದ ಕೊಲ್ಲುತ್ತಾರೆಂದು ನಲವತ್ತೈದನೇ ವಯಸ್ಸಿನಲ್ಲಿ ನಿಮ್ಮ ನೋಟಿಸಿನಿಂದ ತಿಳಿಯಿತು.

ನೋಟಿಸಿನ ಪ್ರಕಾರ ಈ ಅಂತ್ಯ ಕಾದಂಬರಿಯಲ್ಲಿಲ್ಲ, ಆದ್ದರಿಂದ ನಿಷಿದ್ಧ. ಆದರೆ ಪರವಾನಗಿಯ ಒಂಬತ್ತನೇ ಕಲಮಿನಂತೆ ರೂಪಾಂತರದಲ್ಲಿ ಹೊಸದಾಗಿ ಸೇರಿದ್ದೆಲ್ಲ ನಿಮ್ಮ ಸ್ವತ್ತು, ಆದ್ದರಿಂದ ಅದನ್ನು ನಾವು ‘ಮೌಖಿಕವಾಗಿಯೂ’ ಬಳಸುವಂತಿಲ್ಲ. ಅತ್ತ ದರಿ, ಇತ್ತ ಪುಲಿ ಎಂದು ಕೇಳಿದ್ದೆ. ಎರಡಕ್ಕೂ ಒಬ್ಬರೇ ಮಾಲೀಕರಿರಬಹುದೆಂದು ತಿಳಿದಿರಲಿಲ್ಲ.

ಆ ನೋಟಿಸನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದು ನನ್ನ ಎರಡನೇ ತಪ್ಪು. ಎಂಬತ್ತೊಂಬತ್ತರ ಅಜ್ಜಿ ಅಂದಿನಿಂದ ಆ ಕತೆ ಮುಗಿಸುವುದನ್ನು ಬಿಟ್ಟಿದ್ದಾಳೆ.

“ಮನೇಲಿ ಹೇಳಿದ್ರೆ ಯಾರಿಗೆ ಗೊತ್ತಾಗತ್ತೆ ಬಿಡಜ್ಜಿ,” ಅಂದೆ.

“ಅಚ್ಚುಕೂಟದಿಂದ ಒಂದು ಕಾಗದದ ಚೂರನ್ನೂ ಕೇಳ್ದೆ ತಂದೋಳಲ್ಲ ಕಣೋ ನಾನು. ಬೇರೆಯವರದ್ದು ಅಂದ್ಮೇಲೆ ಬೇಡ.”

ಹೋದ ಭಾನುವಾರ ಐದು ವರ್ಷದ ನನ್ನ ಮಗಳು ಪುಸ್ತಕ ಹಿಡಿದು ಮುತ್ತಜ್ಜಿಯ ಮಡಿಲೇರಿದಳು. ಅಜ್ಜಿ ಪುಟ ಇರುವಷ್ಟೂ ಓದಿ ರಟ್ಟು ಮುಚ್ಚಿದಳು.

“ಆಮೇಲೆ?”

“ಆಮೇಲಿಂದು ಆಫೀಸಿನವರ ಹತ್ರ ಇದೆ, ಪುಟ್ಟಿ.”

ನನಗೆ ಅಳು ಬಂತು, ಮುಚ್ಚಿಡುವುದೇನು.

ನಾಟಕ ಹಾಳಾಗಿ ಹೋಗಲಿ. ಅಜ್ಜಿ ಕತೆ ಹೇಳಬಹುದು ಎಂದು ನಿಮ್ಮ ಮೊಹರು ಹಾಕಿ ಬರೆದುಕೊಡಿ. ಅವಳು ಕಾಗದ ನೋಡದೆ ನಂಬುವವಳಲ್ಲ. ಅದಾಗದಿದ್ದರೆ ಯಾವುದಾದರೂ ಭಾನುವಾರ ಮಧ್ಯಾಹ್ನ ನೀವೇ ಬನ್ನಿ. ನನ್ನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ಅವಳ ಕಣ್ಣೆದುರೇ ಡ್ರ್ಯಾಗನ್ನನ್ನು ಈಟಿಯಿಂದ ಕೊಂದು ಹೋಗಿ.

ಇಂತಿ,
ನಿಮ್ಮ ಕಾದಂಬರಿಯನ್ನು ನಲವತ್ತು ವರ್ಷ ತಪ್ಪಾಗಿ ತಿಳಿದು ನೆಮ್ಮದಿಯಾಗಿದ್ದ
ಒಬ್ಬ ಮೊಮ್ಮಗ