ನಡುವಿನ ಕೋಣೆಗೆ ಹಗಲು ಬಂತು

ಅಮ್ಮಾ,

ಓದಲು ನೀನಿಲ್ಲ ಎಂದು ಗೊತ್ತು. ಆದರೂ ಇದನ್ನು ನಿನಗೆ ಹೇಳದೆ ಇರಲಾರೆ. ಇವತ್ತು ನಮ್ಮ ನಡುವಿನ ಕೋಣೆಗೆ ಹಗಲು ಬಂತು.

ಎರಡೂ ಕಡೆ ಪಕ್ಕದವರ ಗೋಡೆ, ಕಿಟಕಿ ಎಲ್ಲಿಡುವುದು ಎಂದು ನೀನು ಸುಮ್ಮನಾಗಿದ್ದೆಯಲ್ಲ? ಕಿಟಕಿಯೇ ಬೇಡವಂತೆ. ಮೇಸ್ತ್ರಿ ತಾರಸಿಯಲ್ಲಿ ದುಂಡಗೆ ತೂತು ಕೊರೆದು, ಒಳಗೆಲ್ಲ ಕನ್ನಡಿಯಂತೆ ಹೊಳೆಯುವ ಕೊಳವೆ ಇಳಿಸಿದ. ಬಿಸಿಲು ಅದರೊಳಗೆ ಜಾರಿಕೊಂಡು ಬರುತ್ತದೆ.

ಹೊಲಿಗೆ ಮಿಷನ್ನನ್ನು ಹೊರಗಿನ ಕೋಣೆಗೆ ಸಾಗಿಸು ಎಂದು ಅಕ್ಕ ಬೈಯುತ್ತಲೇ ಇದ್ದಳು. ನೀನು ಇಟ್ಟ ಜಾಗದಿಂದ ಅದನ್ನು ಕದಲಿಸಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ಬೆಳಕನ್ನೇ ಅದರ ಹತ್ತಿರ ಕರೆಸಿದೆ.

ಅಜ್ಜಿ ಬಾಗಿಲಲ್ಲಿ ನಿಂತು, "ಹಗಲು ಹೊತ್ತಲ್ಲಿ ಯಾಕೋ ಲೈಟು? ಆರಿಸೋ. ಕರೆಂಟೇನು ಪುಕ್ಕಟೆ ಬರುತ್ತಾ?" ಅಂದಳು.

"ಇದು ಪುಕ್ಕಟೆನೇ ಅಜ್ಜಿ. ಆರಿಸ್ಬೇಕು ಅಂದ್ರೆ ಸೂರ್ಯನ ಮನೆಗೇ ಹೋಗ್ಬೇಕು," ಅಂದ ಮೇಸ್ತ್ರಿ.

ಅಜ್ಜಿ ನಂಬದೆ ಸ್ವಿಚ್ಚು ಒತ್ತಿ ಒತ್ತಿ ನೋಡಿದಳು. ಆಮೇಲೆ ತಲೆ ಎತ್ತಿದವಳು ತೆರೆದ ಬಾಯಿ ಮುಚ್ಚಲಿಲ್ಲ.

ಅಷ್ಟರಲ್ಲಿ ಕೋಣೆ ಮಂಕಾಗಿ, ಮತ್ತೆ ಬೆಳಗಿತು. ಅಮ್ಮಾ, ಒಂದು ಮೋಡ ನಮ್ಮ ಮನೆಯೊಳಗೇ ನಡೆದುಹೋಯಿತು! ನಿನ್ನ ಮಿಷನ್ನಿನ ಮೈಮೇಲೆ ಚಿನ್ನದ ಬಣ್ಣದ ಬಳ್ಳಿ ಇದೆ. ನಿನಗೆ ಗೊತ್ತಿತ್ತೇ?

"ಮಗಾ, ನಿನ್ನ ಎಳೆಗಣ್ಣು ಸ್ವಲ್ಪ ಕೊಡೋ," ಎಂದು ದಾರ ಪೋಣಿಸಲು ಕರೆಯುತ್ತಿದ್ದೆಯಲ್ಲ? ಎಲ್ಲರೂ ಹೋದ ಮೇಲೆ ನಿನ್ನ ಜಾಗದಲ್ಲಿ ಕೂತೆ. ಈಗ ನನ್ನದೂ ಎಳೆಗಣ್ಣಲ್ಲ; ನಿನ್ನ ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಹಿಡಿದೆ.

ಒಂದೇ ಸಲಕ್ಕೆ ಹೋಯಿತು, ಅಮ್ಮಾ.