ಅರವಟ್ಟಿಗೆಯ ನೀರು ಟಬ್ಬಿಗೆ

ಏಪ್ರಿಲ್ 22, ಸೋಮವಾರ

ಮಧ್ಯಾಹ್ನ ಮತ್ತೆ ಮೂವತ್ತೊಂಬತ್ತು ಡಿಗ್ರಿ. ಹೀಟರ್ ಆಫ್ ಮಾಡಿ ತಿಂಗಳಾಯಿತು — ಸ್ವಿಚ್ ಅಷ್ಟೇ ಅಲ್ಲ, ಫ್ಯೂಸೇ ಕಿತ್ತಿಟ್ಟಿದ್ದೇನೆ. ಆದರೂ ನಮ್ಮ ಹೋಮ್‌ಸ್ಟೇಯ ಹಾಟ್ ಟಬ್ಬಿನ ನೀರು ಬಾಣಂತಿಗೆ ಎರೆಯುವ ಹದಕ್ಕೆ ಬಂದು ಕೂತಿರುತ್ತೆ.

ಟಬ್ಬು ಕೂರಿಸಿದ ಕೊಯಮತ್ತೂರಿನ ಮುರುಗೇಶನಿಗೆ ಫೋನ್ ಮಾಡಿದೆ. ಹಗಲು ಮುಚ್ಚಿಡಬೇಕಂತೆ, ರಾತ್ರಿ ಕವರ್ ತೆಗೆದು ಗಾಳಿಗೆ ಬಿಡಬೇಕಂತೆ. "ನೈಟ್ ತೊರಂದು ವೆಯ್ಯುಂಗ ಮೇಡಂ, ತಾನಾ ಆರಿಡುಂ." ತಾನಾಗೇ ಆರುತ್ತೆ, ಸರಿ. ಆದರೆ ಕಾಡಂಚಿನ ಈ ತಿಗನಾರೆಯಲ್ಲಿ ರಾತ್ರಿ ನೀರು ತೆರೆದಿಟ್ಟರೆ ಯಾರು ಬಂದು ಕುಡಿಯುತ್ತಾರೆ ಅಂತ ಅವನಿಗೇನು ಗೊತ್ತು? ಹೋದ ವಾರ ಪಕ್ಕದ ಹೊಲದ ಬಾಳೆಯನ್ನು ಆನೆಗಳು ನುಣ್ಣಗೆ ಮಾಡಿ ಹೋಗಿವೆ. ಗೆಸ್ಟುಗಳು ಮಲಗಿರುವಾಗ ಕಾಟೇಜಿನ ಮುಂದೆ ಬಂದು ಟಬ್ಬಿಗೆ ಸೊಂಡಿಲು ಇಟ್ಟರೆ... ಇವರಿಗೆ ಹೇಳಿದರೆ ನಗು. "ಆನೆ ನೋಡಕ್ಕೆ ಟಿಕೇಟ್ ಇಟ್ಬುಡಮ ಬುಡು." ನನ್ನ ಗಂಡ ಗುರುಸ್ವಾಮಿಗೆ ಎಲ್ಲವೂ ತಮಾಷೆ. ಹೋಮ್‌ಸ್ಟೇ ಬುಕಿಂಗ್ ನೋಡೋಳು ನಾನು, ಬೈಸಿಕೊಳ್ಳೋಳೂ ನಾನು.

ಬೋರ್ ನೀರು ಬಿಟ್ಟು ತಣ್ಣಗೆ ಮಾಡೋಣ ಅಂದರೆ ಅದು ಮೊದಲು ತಾರಸಿ ಮೇಲಿನ ಕಪ್ಪು ಸಿಂಟೆಕ್ಸಿಗೆ ಹತ್ತಿ, ಕಾದು, ಆಮೇಲೆ ಇಳಿಯುತ್ತೆ. ನಡು ಮಧ್ಯಾಹ್ನ ಈ ತೋಟದಲ್ಲಿ ತಣ್ಣಗಿರೋದು ಒಂದೇ, ಅತ್ತೆಯ ಅರವಟ್ಟಿಗೆ.

ಏಪ್ರಿಲ್ 24, ಬುಧವಾರ

ಅತ್ತೆ ಇವತ್ತೂ ಬೆಳಕು ಹರಿಯೋ ಮೊದಲೇ ಎದ್ದು ಮಡಕೆ ತುಂಬಿಸಿದರು. ಎಪ್ಪತ್ತು ದಾಟಿದೆ, ಮಂಡಿ ಮಾತು ಕೇಳಲ್ಲ. ಕೊಡ ಇಸಿದುಕೊಳ್ಳೋಕೆ ಹೋದರೆ, "ಬುಡು ಮಗ, ಇದೊಂದ್ ನಂಗಿರ್ಲಿ." ಸಿಂಟೆಕ್ಸಿನ ನೀರು ರಾತ್ರಿ ಆರಿರುವಾಗಲೇ ಹಿಡಿಯಬೇಕು. ಬಿಸಿಲು ಏರಿದ ಮೇಲೆ ತುಂಬಿದರೆ ಅವತ್ತೆಲ್ಲ ತಣಿಯಲ್ಲ.

ಶಿವರಾತ್ರಿಯಿಂದ ಮುಂಗಾರಿನವರೆಗೆ ಇದು ನಿಂತದ್ದಿಲ್ಲ. ರಸ್ತೆ ಬದಿ ಹೊಂಗೆ ಮರದ ಕೆಳಗೆ ನಾಲ್ಕು ದೊಡ್ಡ ಮಡಕೆ, ಕುತ್ತಿಗೆವರೆಗೂ ಒದ್ದೆ ಮರಳಲ್ಲಿ. ಒಳಗೆ ಲಾವಂಚದ ಬೇರು. ನಾನು ಬಂದ ಹೊಸದರಲ್ಲಿ, ಒಂದು ವಾಟರ್ ಕೂಲರ್ ಇಡಬಾರದಾ ಅಂದಿದ್ದೆ. ಅತ್ತೆ ಮೂರು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಮಧ್ಯಾಹ್ನ ಮಂಚಮ್ಮನ ಗುಂಪು ಬಂತು. ಕಾಲೊನಿಯ ಹೆಂಗಸರು, ಎದುರು ನಂಜಯ್ಯನ ಹೊಲದಲ್ಲಿ ಬೀಟ್‌ರೂಟ್ ಕೀಳುವ ಕೂಲಿ. ಮಂಚಮ್ಮ ಎರಡು ಲೋಟ ಕುಡಿದು, ಮೂರನೆಯದನ್ನ ತಲೆ ಮೇಲೆ ಸುರಿದುಕೊಂಡು, ಟಬ್ಬಿನ ಕಡೆ ಗದ್ದ ಎತ್ತಿದಳು.

"ಈ ಬ್ಯಾಸ್ಗೇಲಿ ಬಿಸ್ನೀರಲ್ಲಿ ಕೂರಕ್ಕೆ ಕಾಸ್ ಕೊಟ್ಟಾರ ದಿವ್ಯವ್ವ? ನಮ್ಜೊತ ಬೀಟ್ರೂಟ್ ಕೀಳಕ್ಕೆ ಕಳ್ಸು, ಪುಕ್ಸಟ್ಟೆ ಬೇಯ್ತರ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವಳ ಬಾಯಿಗೆ ಬೀಗ ಇಲ್ಲ.

ಏಪ್ರಿಲ್ 26, ಶುಕ್ರವಾರ

ಎಂಟು ಜನ ಬಂದಿಳಿದರು. ಬೆಂಗಳೂರಲ್ಲಿ ಇವತ್ತು ಓಟು, ಅದಕ್ಕೆ ರಜಾ. ಒಬ್ಬರ ಬೆರಳಲ್ಲೂ ಶಾಯಿ ಕಾಣಲಿಲ್ಲ. ಬುಕ್ ಮಾಡಿದವಳು ಶ್ವೇತ; ನಾಳೆ ಅವಳ ಬರ್ತ್‌ಡೇ. ಬಂದವಳೇ ಬ್ಯಾಗೂ ಇಳಿಸದೆ ಟಬ್ಬಿಗೆ ಕೈ ಅದ್ದಿದಳು.

"ಅಯ್ಯೋ, ಇದು ಸಾಂಬಾರು! ಸಮ್ಮರ್‌ನಲ್ಲಿ ಕೂಲ್ ಟಬ್ ಮಾಡಿಕೊಡ್ತೀವಿ ಅಂತ ನೀವೇ ಹಾಕಿದೀರಲ್ಲ ಪೇಜಲ್ಲಿ?"

ಹಾಕಿದ್ದೇನೆ. ಡಿಸೆಂಬರಿನ ಮಂಜಲ್ಲಿ ಕೂತು ಬರೆದದ್ದು. ನಾಳೆ ಮಧ್ಯಾಹ್ನಕ್ಕೆ ಸರಿಮಾಡ್ತೀನಿ ಅಂದೆ. ಹೇಗೆ ಅಂತ ಅವಳು ಕೇಳಲಿಲ್ಲ, ಸದ್ಯ.

ಏಪ್ರಿಲ್ 27, ಶನಿವಾರ — ಮಧ್ಯಾಹ್ನ 1

ನಲವತ್ತು. ಮೇಲೆ ನೆರಳಿನ ಬಲೆ ಕಟ್ಟಿಸಿದೆ. ಟಬ್ಬಿನ ಪಂಪ್ ನಿಲ್ಲಿಸಿದೆ, ಅದು ಓಡಿದರೂ ಬಿಸಿ. ಫ್ರಿಡ್ಜಿನ ಐಸೆಲ್ಲ ಸುರಿದೆ, ಟಬ್ಬಿಗೆ ಗೊತ್ತೇ ಆಗಲಿಲ್ಲ. ಎಂಟು ಜನ ಮಿಂದು ಸಿಂಟೆಕ್ಸ್ ಖಾಲಿ. ಬೋರ್ ಎತ್ತೋ ತ್ರೀ ಫೇಸ್ ಕರೆಂಟು ಸಂಜೆಗೇ. ಇವರು ಜೀಪು ತೆಗೆದುಕೊಂಡು ಜೀರಹಳ್ಳಿಗೆ ಹೋಗಿದ್ದಾರೆ, ಫೋನ್ ಎತ್ತುತ್ತಿಲ್ಲ. ಅತ್ತೆ ತಾಳವಾಡಿಗೆ, ಗೃಹಪ್ರವೇಶಕ್ಕೆ. ಶ್ವೇತ ಟವೆಲ್ ಹೆಗಲಿಗೆ ಹಾಕಿಕೊಂಡು ಮೂರನೇ ಸಲ ಬಂದಳು. "ರಿವ್ಯೂನಲ್ಲಿ ಬರೀಬೇಕಾಗುತ್ತೆ ಮೇಡಂ, ಬೇಜಾರು ಮಾಡ್ಕೋಬೇಡಿ" — ನಗುನಗುತ್ತಾ! ಮೈಯೆಲ್ಲ ಉರಿದುಹೋಯಿತು.

ಕೊಡ ತೆಗೆದುಕೊಂಡು ಹೋಗ್ತಿದ್ದೇನೆ. ಸಂಜೆ ಮತ್ತೆ ತುಂಬಿಸಿದರಾಯಿತು.

ಸಂಜೆ 6

ಬರೆಯೋಕೆ ನಾಚಿಕೆ. ಆದರೂ ಬರೀತೀನಿ, ಯಾರ ಹತ್ತಿರ ಹೇಳಲಿ.

ನಾಲ್ಕೂ ಮಡಕೆ. ಒಂದನ್ನಾದರೂ ಬಿಡಬಹುದಿತ್ತು. ಹೊಂಗೆ ಮರದಿಂದ ಟಬ್ಬಿಗೆ, ಟಬ್ಬಿಂದ ಮರಕ್ಕೆ, ಮೈಮೇಲೆ ಬಂದವಳ ಹಾಗೆ ಓಡಾಡಿ ಹೊತ್ತೆ. ತಳದ ಲಾವಂಚ ಹಿಂಡಿ ಕೊನೆಯ ಚೊಂಬೂ ತೆಗೆದೆ. ಇಳಿದದ್ದು ಒಂದೂವರೆ ಡಿಗ್ರಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಗೆಸ್ಟುಗಳು ಟಬ್ಬಿಗೆ ಇಳಿದರು, ಕೂಗಿದರು, ಫೋಟೋ ಹೊಡೆದರು. "ವಾವ್, ಏನೋ ಸ್ಮೆಲ್ ಬರ್ತಿದೆ, ಹರ್ಬಲ್ಲಾ?" ಅಂದಳು ಶ್ವೇತ. ಹೂಂ ಅಂದೆ.

ಅಷ್ಟು ಹೊತ್ತಿಗೆ ಹೊಲದಿಂದ ಮಂಚಮ್ಮನವರು ಬಂದರು. ಜೊತೆಯಲ್ಲಿ ಅವಳ ಸೊಸೆ ಪರಿಮಳ, ಆರು ತಿಂಗಳ ಬಸುರಿ, ಮುಖ ಕೆಂಡವಾಗಿತ್ತು. ಮಂಚಮ್ಮ ಲೋಟ ಬಿಟ್ಟಳು. ಖಾಲಿ ಮಡಕೆಯ ತಳಕ್ಕೆ ಟಣ್ ಅಂತ ತಗುಲಿತು. ಎರಡನೆಯದಕ್ಕೆ ಬಿಟ್ಟಳು, ಮೂರನೆಯದಕ್ಕೆ. ಆಮೇಲೆ ಬೇಲಿಯಾಚೆ ನೋಡಿದಳು. ನಾನು ಟಬ್ಬಿನ ಪಕ್ಕ ನಿಂತಿದ್ದೆ, ಕೊಡ ಸೊಂಟದ ಮೇಲೇ ಇತ್ತು.

ಓಡಿಹೋಗಿ ಗೆಸ್ಟುಗಳ ಫ್ರಿಡ್ಜಿಂದ ಎರಡು ಬಾಟಲಿ ನೀರು ತಂದೆ. ಪರಿಮಳ ಕೈ ಚಾಚಿದಳು. ಮಂಚಮ್ಮ ಅವಳ ಕೈ ಹಿಡಿದಳು.

"ಬ್ಯಾಡ. ಅದು ಅವರ್ದು."

"ತಗೋ ಮಂಚಮ್ಮ, ಬಿಸಿಲು..."

"ಪರ್ವಾಗಿಲ್ಲ ಬುಡಿ ಅಮ್ಮಾವ್ರೆ. ಮನೆಗೋಗಿ ಕುಡಿತೀವಿ."

ಅಮ್ಮಾವ್ರೆ ಅಂದಳು. ದಿವ್ಯವ್ವ ಅನ್ನಲಿಲ್ಲ. ಕಾಲೊನಿಗೆ ಇನ್ನೂ ಒಂದು ಮೈಲಿ. ಪರಿಮಳ ದಾರಿಯಲ್ಲಿ ಒಂದು ಕಡೆ ಕೂತದ್ದು ಇಲ್ಲಿಂದಲೇ ಕಾಣಿಸಿತು. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 28, ಭಾನುವಾರ

ನಿನ್ನೆ ಕತ್ತಲಾದ ಮೇಲೆ, ಕರೆಂಟು ಬರೋ ಮೊದಲೇ, ಅತ್ತೆ ಬಂದರು. ಮೊದಲು ಹೋದದ್ದು ಮರದ ಕೆಳಗೆ. "ಯಾಕ್ ಮಗ, ಒಂದ್ ತೊಟ್ಟೂ ಇಲ್ಲ?"

ಬಾಯಿಗೆ ಬಂದದ್ದು: "ಕೋತಿ ಅತ್ತೆ. ಹಿಂಡೇ ಬಂದಿತ್ತು. ಕುಡಿದು ಚೆಲ್ಲಾಡಿಬಿಟ್ಟವು."

"ಪಾಪ, ಅವ್ಕೂ ಬಾಯಾರ್ತದಲ್ವಾ" ಅಂದರು. ಕೋತಿಗೂ ಪಾಪ ಅನ್ನುವ ಹೆಂಗಸಿಗೆ ಸುಳ್ಳು ಹೇಳಿದೆ.

ಗೆಸ್ಟುಗಳು ಹೋದರು. ಶ್ವೇತ ತಬ್ಬಿಕೊಂಡಳು.

ಏಪ್ರಿಲ್ 30, ಮಂಗಳವಾರ

ನಿನ್ನೆಯೂ ಇವತ್ತೂ ಮಡಕೆಯ ನೀರು ಹಾಗೇ. ಮಂಚಮ್ಮನವರು ಎದುರಿಂದಲೇ ಹೋಗುತ್ತಾರೆ, ಎಲ್ಲರ ಕೈಯಲ್ಲೂ ಹಳೇ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಮನೆಯ ನೀರು. ತಲೆ ಎತ್ತಲ್ಲ. ಜಗಳ ಆಡಿದ್ದರೆ ವಾಸಿಯಿತ್ತು, ನಾನೂ ನಾಲ್ಕು ಮಾತು ಆಡಿ, ಅತ್ತು, ಮುಗಿಸುತ್ತಿದ್ದೆ.

ಅತ್ತೆ ದಿಕ್ಕು ತೋಚದವರ ಹಾಗೆ ಆಗಿದ್ದಾರೆ. ಮಡಕೆಗೆ ಬಗ್ಗಿ ಮೂಸಿ ನೋಡಿದರು. "ನೀರ್ ಗಬ್ಬು ನಾರ್ತದಾ ನೋಡ್ ಮಗ, ನಂಗ ಮೂಗ್ ಸರೀಗಿಲ್ಲ." ನಾರಲ್ಲ ಅತ್ತೆ ಅಂದೆ. ನಂಬಲಿಲ್ಲ. ನಾಲ್ಕೂ ಮಡಕೆ ಮರಳಿಂದ ಕಿತ್ತು, ತೆಂಗಿನ ನಾರು ಹಾಕಿ ಉಜ್ಜಿ, ಹೊಸ ಲಾವಂಚ ತರಿಸಿ ಹಾಕಿದರು. ಮಂಡಿ ಊರಿ ಕೂತವರು ಏಳೋಕೆ ನನ್ನ ಭುಜ ಹಿಡಿದರು. ಆಗಲೂ ಹೇಳಲಿಲ್ಲ ನಾನು. ಬಿಸಿ ತುಪ್ಪ — ನುಂಗೋಕೂ ಆಗದು, ಉಗುಳೋಕೂ ಆಗದು.

ಸಂಜೆ ರಿವ್ಯೂ ಬಂತು. ಫೈವ್ ಸ್ಟಾರ್. ಟಬ್ಬಿನ ಟೆಂಪರೇಚರ್ ಪರ್ಫೆಕ್ಟ್, ಓನರ್ ತುಂಬಾ ಸ್ವೀಟ್, ನೀರಿಗೆ ಏನೋ ಗಿಡಮೂಲಿಕೆ ಹಾಕ್ತಾರೆ ಅಂತ. ಇವರು ಅದನ್ನ ಸ್ಟೇಟಸ್ಸಿಗೆ ಹಾಕಿಕೊಂಡರು.

ಮೇ 1, ಬುಧವಾರ

ಅತ್ತೆ ಕೋಲು ಊರಿಕೊಂಡು ಕಾಲೊನಿಗೇ ಹೋಗಿಬಂದರು. ಕೇಳಿಯೇ ಬಿಡ್ತೀನಿ ಅಂತ. ನಾನು ತಡೆಯೋಕೆ ನೋಡಿದೆ — ಬಿಸಿಲು, ಮಂಡಿ, ಜೀಪ್ ಬರಲಿ — ಎಲ್ಲ ನನ್ನ ಮಾನ ಉಳಿಸಿಕೊಳ್ಳುವ ನಾಟಕ. ಅವರು ಹೋದ ಮೇಲೆ ಹಿತ್ತಲ ಬಾಗಿಲಲ್ಲಿ ಕೂತೆ. ಮುಗೀತು, ಇವತ್ತು ನನ್ನ ಮುಖಕ್ಕೆ ಉಗೀತಾರೆ ಅಂದುಕೊಂಡೆ.

ಬಂದವರು ನೀರು ಕುಡಿದು ಸೆರಗಲ್ಲಿ ಬೆವರು ಒರೆಸಿಕೊಂಡರು.

"ಯಾನೂ ಇಲ್ವಂತೆ ಕನ. ಪರಿಮಳಂಗ ಮೈ ಸರೀಗಿಲ್ಲ, ಡಾಕ್ಟ್ರು ಕಾಸಿದ್ ನೀರೇ ಕುಡೀಬೇಕು ಅಂದವ್ರಂತೆ. ಅದ್ಕೆ ಎಲ್ಲಾರೂ ಮನೇದೇ ತಂದಾರಂತೆ. ನಾನು 'ಕೋತಿ ಬಂದಿದ್ದು ನೀನೂ ಕಂಡ್ಯಾ ಮಂಚಿ' ಅಂದಿ. 'ಊಂ ಅವ್ವಾ, ಕಂಡಿ, ದೊಡ್ಡ್ ಕೋತಿ' ಅಂದ್ಲು."

ದೊಡ್ಡ ಕೋತಿ. ನಗು ಬರಬೇಕಿತ್ತು. ಗೋಡೆ ಹಿಡಿದು ಅತ್ತುಬಿಟ್ಟೆ. ಅತ್ತೆ ಗಾಬರಿಯಾಗಿ ಹತ್ತಿರ ಬಂದರು. ಎಲ್ಲ ಹೇಳಿದೆ — ಕೊಡ, ಟಬ್ಬು, ಬಾಟಲಿ, ಪರಿಮಳ ದಾರಿಯಲ್ಲಿ ಕೂತದ್ದು.

ಕೋಲು ಗೋಡೆಗೆ ಒರಗಿಸಿ ಪಕ್ಕ ಕೂತರು. ಆಮೇಲೆ, "ಎಷ್ಟ್ ತಣ್ಗಾಯ್ತು?"

"ಒಂದೂವರೆ ಡಿಗ್ರಿ ಅತ್ತೆ."

"ಅಂದ್ರ?"

ಹೇಗೆ ತೋರಿಸಲಿ? "ಏನೂ ಇಲ್ಲ ಅತ್ತೆ. ಗೊತ್ತೂ ಆಗಲ್ಲ."

"ನೀರೋಯ್ತು, ಓಗ್ಲಿ. ಕೋತಿ ಅಂದ್ಯಲ್ಲ, ಅದು ನಂಗ ಬ್ಯಾಸ್ರ ಮಗ. ನೀನು ಅವ್ಳ ಬಾಯಿ ಒಣುಗ್ಸ್ದೆ. ಅವ್ಳು ನಿನ್ ಮಾನ ಕಾದ್ಲು." ಎದ್ದರು. "ನಾಳಿಂದ ನೀನೇ ತುಂಬ್ಸು. ಮಂಚಿ ಕುಡಿಯಗಂಟ ನಾನು ಆ ಮಡ್ಕ ಮುಟ್ಟಕಿಲ್ಲ."

ಮೇ 7, ಮಂಗಳವಾರ

ಟಬ್ಬಿನ ಬುಕಿಂಗ್ ಎಲ್ಲ ಕ್ಯಾನ್ಸಲ್. ಮಳೆ ಬರೋವರೆಗೆ ಟಬ್ ಇಲ್ಲ ಅಂತ ಪೇಜಲ್ಲಿ ಹಾಕಿದೆ. ಇವರು ಮುಖ ಊದಿಸಿಕೊಂಡಿದ್ದಾರೆ, ಊದಿಸಿಕೊಳ್ಳಲಿ. ಕ್ಲೋರಿನ್ ಹೋಗಲಿ ಅಂತ ಕೆಲವು ದಿನ ಬಿಸಿಲಿಗೆ ಬಿಟ್ಟು, ಇವತ್ತು ನೀರನ್ನ ತೆಂಗಿನ ಬುಡಕ್ಕೆ ಹರಿಸಿದೆ.

ಬೆಳಿಗ್ಗೆ ತುಂಬಿಸುವುದು. ಸಂಜೆ ಹೆಚ್ಚುಕಡಿಮೆ ತುಂಬಿಯೇ ಇರುವ ನಾಲ್ಕೂ ಮಡಕೆ ಕರಿಬೇವಿನ ಗಿಡಕ್ಕೆ ಸುರಿಯುವುದು. ದಾರಿಹೋಕರು ಒಬ್ಬಿಬ್ಬರು ಕುಡಿಯುತ್ತಾರೆ. ಕಾಲೊನಿಯವರು ಇಲ್ಲ. ಎರಡು ಸಲ ಮಂಚಮ್ಮನ ಮನೆವರೆಗೂ ಹೋದೆ. ಒಂದು ಸಲ ಬಾಗಿಲು ಹಾಕಿತ್ತು. ಇನ್ನೊಂದು ಸಲ ತೆರೆದಿತ್ತು, ನಾನೇ ಹಿಂದಿರುಗಿದೆ.

ಅತ್ತೆ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಾರೆ.

ಮೇ 11, ಶನಿವಾರ

ಮಂಚಮ್ಮ ಇವತ್ತು ನಿಂತಳು.

ಒಬ್ಬಳೇ ಬಂದಳು, ಬಾಟಲಿ ಖಾಲಿಯಾಗಿತ್ತು. ನಾನು ಮರದ ಕೆಳಗೇ ಇದ್ದೆ. ಎದ್ದು ನಿಂತು, "ತಪ್ಪಾಯ್ತು ಮಂಚಮ್ಮ" ಅಂದೆ. ಅಷ್ಟು ದಿನ ಮನಸ್ಸಲ್ಲಿ ಎಷ್ಟೆಲ್ಲ ಜೋಡಿಸಿಟ್ಟಿದ್ದೆ, ಅದೊಂದೇ ಬಾಯಿಗೆ ಬಂತು.

"ಆಯ್ತು ಬುಡಿ," ಅಂದಳು. ಕೋಪ ಇರಲಿಲ್ಲ. ಇದ್ದಿದ್ದರೆ ಸಹಿಸುತ್ತಿದ್ದೆ.

ಲೋಟ ತುಂಬಿ ಕೊಡೋಕೆ ಹೋದೆ. ಇಸಿದುಕೊಳ್ಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಎರಡೂ ಕೈ ಕೂಡಿಸಿ ಬೊಗಸೆ ಮಾಡಿ ಬಾಯಿಗೆ ಹಿಡಿದಳು.

"ಉಯ್ಯಿ ಅಮ್ಮಾವ್ರೆ."

"ಅಯ್ಯೋ, ಏನಿದು! ಲೋಟ ತಗೋ ಮಂಚಮ್ಮ."

"ಬ್ಯಾಡಿ. ನಿಮ್ ನೀರು. ನೀವು ಎಷ್ಟ್ ಉಯ್ತೀರೋ ಅಷ್ಟ್ ಕುಡಿತೀನಿ."

ಕಾಲೊನಿಯವರಿಗೆ ಈ ಮನೆಯವರು ಮುಟ್ಟಿಸಿಕೊಳ್ಳದೆ ಎತ್ತರದಿಂದ ನೀರು ಹುಯ್ಯುತ್ತಿದ್ದ ಕಾಲವನ್ನು ನಾನು ನೋಡಿಲ್ಲ. ಮನೆಯ ಯಜಮಾನಿಕೆ ಕೈಗೆ ಬಂದ ವರ್ಷವೇ ಅತ್ತೆ ಅದನ್ನ ನಿಲ್ಲಿಸಿ, ಯಾರು ಬೇಕಾದರೂ ಮೊಗೆದು ಕುಡಿಯಲಿ ಅಂತ ಮರಕ್ಕೆ ಲೋಟ ಕಟ್ಟಿದರಂತೆ. ಅದಕ್ಕೆ ನೆಂಟರಿಂದ ಬೈಸಿಕೊಂಡಿದ್ದಾರೆ, ಎರಡು ಮದುವೆಗೆ ಕರೆದಿಲ್ಲ ಅವರನ್ನ. ಮಂಚಮ್ಮ ಆಗ ಹೊಸ ಸೊಸೆ. ಬೊಗಸೆ ಹಿಡಿಯುವುದು ಅವಳ ಕೈಗೆ ಮರೆತಿಲ್ಲ.

ಜಗಲಿಯಲ್ಲಿ ಅತ್ತೆ ಎದ್ದು ನಿಂತಿದ್ದರು. ಮಂಚಮ್ಮ ಬಗ್ಗಿಯೇ ಇದ್ದಳು, ತುಟಿ ಬಿರಿದಿತ್ತು. ಹುಯ್ಯದಿದ್ದರೆ ಇವತ್ತೂ ಬಾಯಾರಿ ಹೋಗುತ್ತಾಳೆ.

ಚೊಂಬಲ್ಲಿ ಮೊಗೆದು ಹುಯ್ದೆ. ಕುಡಿದಳು. ಸಾಕು ಅಂತಲೂ ಹೇಳಲಿಲ್ಲ, ನಾನು ನಿಲ್ಲಿಸುವವರೆಗೂ ಕುಡಿದಳು. ಅತ್ತೆ ಏನಾದರೂ ಕೂಗಿ ಹೇಳಲಿ ಅಂತ ತಿರುಗಿ ನೋಡಿದೆ. ಅವರು ಒಳಗೆ ಹೋಗಿಬಿಟ್ಟಿದ್ದರು. ನನ್ನ ಕೈಯಲ್ಲಿ ಚೊಂಬು ಇನ್ನೂ ಮೇಲೇ ಇತ್ತು.