ಸಿಲಿಂಡರ್ ಎಲ್ಲಿಡೋದಣ್ಣ

ನವೆಂಬರ್ 3, ಸೋಮವಾರ

…ಅದಕ್ಕೇ ಕ್ಷಮಿಸಲ್ಲ ಅಂದದ್ದು. ನಿನ್ನೆ ಬರೆದದ್ದನ್ನು ಮತ್ತೆ ಓದಿದೆ. ಸಿಟ್ಟು ಇಳಿದಿಲ್ಲ. ಇವತ್ತು ಕೊರಟಗೆರೆಯಿಂದ ಬರುವ ಬಸ್ಸಲ್ಲಿ ಇನ್ನೂ ಏರಿತು. ಹೊಳವನಹಳ್ಳಿ ಸ್ಟಾಪಲ್ಲಿ ಇಳಿಯುವಾಗ ಕಂಡಕ್ಟರ್ ಕೇಳಿದ.

"ಏನಮ್ಮ ಚೈತ್ರ, ನಿಮ್ಮಕ್ಕಂಗೆ ಲಂಡನ್ನಾಗೆ ಸಿಲಿಂಡರ್ ಸಿಕ್ತಾ?"

ಬಸ್ಸೆಲ್ಲ ನಕ್ಕಿತು.

ಲಂಡನ್ ಅಲ್ಲ, ಲೀಡ್ಸ್. ಶ್ರೀಲತಕ್ಕ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಲ್ಲಿ ಕೆಲಸಕ್ಕಿದ್ದಾಳೆ. ಫ್ಲ್ಯಾಟ್ ಹುಡುಕಿಕೊಟ್ಟದ್ದು ಯುವರಾಜಣ್ಣ. ತಾನು ಬಿಟ್ಟು ದೊಡ್ಡ ಮನೆಗೆ ಹೋದ ಫ್ಲ್ಯಾಟೇ ಅದು. ಪಾವಗಡದವನು, ಮಾತಲ್ಲಿ ತೆಲುಗು ಬೆರೆಯುತ್ತದೆ. ಹೊರದೇಶದಲ್ಲಿ ಬದುಕುವುದು ಹೇಗೆ ಅಂತ ಹೇಳಿಕೊಡುವ ಯೂಟ್ಯೂಬ್ ಚಾನೆಲ್. ಅರವತ್ತು ಸಾವಿರ ಸಬ್‌ಸ್ಕ್ರೈಬರ್. ಅದರಲ್ಲಿ ನಾನು ಮೊದಲ ಇನ್ನೂರರೊಳಗೆ. ಪ್ರತಿ ವಿಡಿಯೋಗೂ ಫಸ್ಟ್ ಕಮೆಂಟ್ ನಂದೇ. ಭಾನುವಾರದ ಲೈವ್‌ಗೆ ಮಾಡರೇಟರ್ ಬೇರೆ, ಕಮೆಂಟು ಕಾಲು ನೋಡಿಕೊಳ್ಳುವವಳು. ಅಕ್ಕನ ನಂಬರ್ ಅವನಿಗೆ ಕೊಟ್ಟವಳೂ ನಾನೇ…

ಅಕ್ಕ ಹೋಗಿ ಇಳಿದ ದಿನ ಯುವರಾಜಣ್ಣ ವಿಡಿಯೋ ಕಾಲಲ್ಲಿ ಮನೆ ವಿವರಿಸಿದ. ಸ್ವಿಚ್ ಇಲ್ಲಿ, ನೀರಿನ ವಾಲ್ವ್ ಇಲ್ಲಿ, ಒಲೆ ಅಲ್ಲಿ. ಅಕ್ಕ ಕೇಳಿದಳು, "ಸಿಲಿಂಡರ್ ಎಲ್ಲಿಡೋದಣ್ಣ? ಬುಕ್ ಮಾಡಾಕೆ ಯಾವ ನಂಬ್ರು?"

ಅಲ್ಲಿ ಗ್ಯಾಸ್ ಪೈಪಲ್ಲಿ ಬರುತ್ತದೆ. ಅವಳಿಗೆ ಹೇಗೆ ಗೊತ್ತಿರಬೇಕು. ಅವನು ಹೇಳದೆ ಕೇಳದೆ ರೆಕಾರ್ಡ್ ಮಾಡುತ್ತಿದ್ದ. ಮುಖ ಮಸುಕು ಮಾಡಿ, ದನಿ ಹಾಗೇ ಬಿಟ್ಟು, ನಗುವ ಎಮೋಜಿ ಸಾಲಾಗಿ ಜೋಡಿಸಿ ರೀಲ್ ಹಾಕಿದ.

ನಾಲ್ಕು ಲಕ್ಷ ವ್ಯೂಸ್. ಮುಖ ಇಲ್ಲದಿದ್ದರೇನು, ಆ ದನಿ ಊರಿಗೇ ಗೊತ್ತು.

ನವೆಂಬರ್ 5, ಬುಧ

ಅಕ್ಕ ದಿನಾ ಅಮ್ಮನಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಮೂರು ನಿಮಿಷ, ನಾಲ್ಕು ನಿಮಿಷ. ಅಮ್ಮ ರೊಟ್ಟಿ ತಟ್ಟುತ್ತಾ ಎರಡೆರಡು ಸಲ ಕೇಳುತ್ತಿದ್ದಳು. ರೀಲ್ ಬಂದ ಮೇಲೆ ಒಂದೂ ಇಲ್ಲ. ಟೈಪ್ ಮಾಡುತ್ತಾಳೆ, ಅಷ್ಟೇ. ಅಮ್ಮನಿಗೆ ಓದು ಬರದು.

"ಓದೇ."

"'ಊಟ ಆಯ್ತು. ಚಳಿ. ಚೆನ್ನಾಗಿದ್ದೀನಿ.'"

"ಅಷ್ಟೇನಾ?"

"ಅಷ್ಟೇ ಕಣಮ್ಮ."

"ಇದು ನೀನು ಅಂದಂಗೈತೆ. ಅವ್ಳು ಅಂದಂಗಿಲ್ಲ."

ಯುವರಾಜನಿಗೆ ಮೆಸೇಜ್ ಹಾಕಿದೆ, ರೀಲ್ ತೆಗೀರಿ ಅಂತ. ಇನ್ನು ಈ ಪುಸ್ತಕದಲ್ಲಿ ಅವನಿಗೆ 'ಅಣ್ಣ' ಇಲ್ಲ. ವಾಯ್ಸಲ್ಲೇ ಉತ್ತರ ಬಂತು. "ಏಮ್ಮಾ ಚೈತ್ರ, ಊರ್ಕೆ, ಸುಮ್ನೆ ಫನ್ನಿಗೆ ಹಾಕಿದ್ದು ಕಣಮ್ಮ. ಹೆಸ್ರು ಹಾಕಿದ್ನಾ? ಮುಖ ಹಾಕಿದ್ನಾ? ಲೈಟಾಗಿ ತಗೋ. ಮುಂದಿನ ಲೈವಲ್ಲಿ ಹೆಸ್ರು ಹೇಳಿ ನಿಂಗೊಂದು ಶೌಟೌಟ್ ಕೊಡ್ತೀನಿ ಬುಡು."

ಶೌಟೌಟ್. ಹೋದ ತಿಂಗಳಾಗಿದ್ದರೆ ಕುಣಿದಾಡುತ್ತಿದ್ದೆ.

ಅನ್‌ಸಬ್‌ಸ್ಕ್ರೈಬ್ ಒತ್ತಲು ಹೋದೆ. ಶಿರಾದ ಮಹಜಬೀನ್ ತಡೆದಳು. ಅವಳೂ ಆ ಲೈವ್‌ಗೆ ಮಾಡರೇಟರ್. ಮುಖ ನೋಡಿಲ್ಲ, ಎರಡು ವರ್ಷದ ಚಾಟ್ ಗೆಳತಿ. "ಅರೆ ಪಾಗಲ್, ಹೊರಗೆ ಹೋಗಿ ಏನ್ ಮಾಡ್ತೀಯ? ಒಳಗಿದ್ಕೊಂಡೇ ಹೊಡಿ."

ಒಳಗಿದ್ದೇನೆ.

ನವೆಂಬರ್ 9, ಭಾನುವಾರ

ಲೈವ್ ನಡೆಸಿದೆ. ಹಾರ್ಟ್ ಹಾಕಿದೆ. 'ಸೂಪರ್ ಅಣ್ಣ' ಅಂತ ಬರೆದೆ. ಕೈ ತೊಳೆದುಕೊಂಡೆ.

ನವೆಂಬರ್ 12, ಬುಧ. ಮಧ್ಯಾಹ್ನ 2.15

ಅಕ್ಕನ ಮನೆಯಲ್ಲಿ ನಿನ್ನೆ ಸಂಜೆಯಿಂದ ಕರೆಂಟಿಲ್ಲ. ಅಲ್ಲಿ ಮೀಟರ್ ರೀಚಾರ್ಜ್ ಥರದ್ದು. ಒಂದು ಪ್ಲಾಸ್ಟಿಕ್ ಕೀ ಇರುತ್ತದೆ. ಅಂಗಡಿಯಲ್ಲಿ ಅದಕ್ಕೆ ದುಡ್ಡು ಹಾಕಿಸಿ ಮೀಟರಿಗೆ ಸಿಕ್ಕಿಸಬೇಕು. ಆ ಕೀ ಮುರಿದಿದೆ. ಹೊಸದು ಬೇಕೆಂದರೆ ಮೀಟರ್ ಯಾರ ಹೆಸರಲ್ಲಿದೆಯೋ ಅವರೇ ಕಂಪನಿಗೆ ಹೇಳಬೇಕಂತೆ. ಹೀಟರೂ ಕರೆಂಟಿನದೇ. ಅಕ್ಕ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಮಲಗಿದ್ದಾಳೆ.

ಯುವರಾಜನನ್ನು ಕೇಳಿದಳಂತೆ. "ನನ್ನ ಹೆಸರಲ್ಲೇ ಐತೆ, ನೀವೇನೂ ಮುಟ್ಬೇಡಿ, ವೀಕೆಂಡಲ್ಲಿ ನೋಡಾನ" ಅಂದನಂತೆ. ಇವತ್ತು ಬುಧವಾರ.

ಕಂಪನಿಗೆ ನೀನೇ ಫೋನ್ ಮಾಡಕ್ಕ ಅಂದೆ. ಟೈಪ್ ಮಾಡಿದಳು: 'ಬೇಡ. ನಾನು ಬಾಯಿ ಬಿಟ್ರೆ ಅವ್ರೂ ನಗ್ತಾರೆ.'

ಸರಿ. ಕಂಪನಿಗೆ ಚಾಟ್ ಇದೆ. ಚಾಟ್ ಅಂದರೆ ನನ್ನ ಗದ್ದೆ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ನಮಗೆ ಎರಡೂವರೆ.

ಅದೇ ದಿನ, 4.50

ಎರಡು ಗಂಟೆ ಹೊಡೆದಾಡಿದೆ. ಒಂದು ಮೊಬೈಲಲ್ಲಿ ಏಜೆಂಟ್, ಅಮ್ಮನ ಮೊಬೈಲಲ್ಲಿ ಅಕ್ಕ. ಮನೆಗೆ ಬಂದ ತಾರೀಖು, ಮೀಟರ್ ನಂಬರ್, ರೀಡಿಂಗ್ — ಅಕ್ಕ ಟಾರ್ಚ್ ಬಿಟ್ಟು ಫೋಟೋ ಕಳಿಸಿದಳು, ನಾನು ಮುಂದಕ್ಕೆ ದಾಟಿಸಿದೆ. ಕೊನೆಗೆ ಏಜೆಂಟ್, ಆ ವಿಳಾಸಕ್ಕೆ ನಮ್ಮಿಂದ ಬಂದ ಕಾಗದ ಏನಾದರೂ ಇದೆಯಾ ಅಂತ ಕೇಳಿದ. ಅಕ್ಕ ಅಡುಗೆಮನೆ ಡ್ರಾಯರ್ ಎಳೆದಳು. ಒಡೆಯದ ಲಕೋಟೆಗಳು, ಒಂದು ಕಂತೆ. 2021ರಿಂದ ಈ ತಿಂಗಳವರೆಗೆ.

ಎಲ್ಲದರ ಮೇಲೂ ಒಂದೇ ಹೆಸರು. ಮಿಸೆಸ್ ಎಂ. ಡಾಯ್ಲ್.

ಡಾಯ್ಲ್ ಯಾರು? ಅಕ್ಕ ಎದುರು ಮನೆಯ ಅಜ್ಜಿಯ ಹತ್ತಿರ ಕೇಳಿಕೊಂಡು ಬಂದಳು. ಯುವರಾಜನಿಗಿಂತ ಮುಂಚೆ ಇದ್ದ ಮುದುಕಿ. ತೀರಿಕೊಂಡು ನಾಲ್ಕು ವರ್ಷ.

ಯುವರಾಜನ ಹೆಸರು ಎಲ್ಲೂ ಇಲ್ಲ. ಒಂದು ಲಕೋಟೆ ಮೇಲೂ ಇಲ್ಲ.

ಕಂಪನಿಯವರು ಮೀಟರನ್ನು ಅಕ್ಕನ ಹೆಸರಿಗೆ ಮಾಡಿದರು. ಕೋಡ್ ಕೊಟ್ಟರು, ಅಕ್ಕ ಅಂಗಡಿಗೆ ಓಡಿ ಹೊಸ ಕೀ ತಂದಳು. ಈಗಷ್ಟೇ ಮೆಸೇಜ್: 'ಲೈಟ್ ಬಂತು.'

ನನಗೂ ಬಂತು. ಅವನ 'ಫ್ಲ್ಯಾಟ್ ಸೆಟಪ್' ವಿಡಿಯೋ ತೆಗೆದೆ, ಮೂರನೇ ನಿಮಿಷ. ಹೇಳುತ್ತಾನೆ: "ಬಂದ ದಿನವೇ ಮೀಟರ್ ನನ್ನ ಹೆಸರಿಗೆ ಮಾಡಿಸ್ಕೊಂಡೆ. ನಮ್ಮೋರು ಇದನ್ನ ಮಾಡಲ್ಲ. ಅದು ಹಳ್ಳಿ ಬುದ್ಧಿ."

ಡೌನ್‌ಲೋಡ್ ಮಾಡಿಕೊಂಡೆ. ಎರಡು ಕಡೆ ಸೇವ್ ಮಾಡಿಟ್ಟೆ. ರಾತ್ರಿ ಊಟ ರುಚಿಯಾಗಿರುತ್ತದೆ.

ನವೆಂಬರ್ 14, ಶುಕ್ರ

ಕರೆಂಟ್ ಬಿಲ್ಲಿನವನು ಬಂದ. ಗೇಟಲ್ಲೇ ಕೂಗಿದ, "ಪೆದ್ದಣ್ಣಾರ ಮನೇವ್ರೇ." ಮಷೀನಿಂದ ಚೀಟಿ ಹರಿದು ಕೊಟ್ಟ. ತಿಂಗಳು ತಿಂಗಳು ನೋಡುವ ಚೀಟಿಯೇ. ಇವತ್ತು ಹೆಸರು ಓದಿದೆ. ಪೆದ್ದಣ್ಣ. ನಮ್ಮ ತಾತ. ಹೋಗಿ ಹನ್ನೊಂದು ವರ್ಷ.

"ಅಮ್ಮ, ಇದನ್ನ ಯಾಕೆ ಬದಲಾಯಿಸಿಲ್ಲ?"

"ಯಾಕ್ ಬದಲಾಯಿಸ್ಬೇಕು? ಕರೆಂಟ್ ಬರ್ತೈತಲ್ಲ. ತಾತಂದು ಹೆಸ್ರಾದ್ರೂ ಇರ್ಲಿ ಬುಡೇ."

ನಗು ಬಂತು. ಆಮೇಲೆ ನಗು ನಿಂತಿತು. ಅವನು ಮಾಡಿದ್ದು ನಮ್ಮ ಕಡೆಯ ಎಲ್ಲರೂ ಮಾಡುವುದೇ. ಪಾವಗಡದ ಅವನ ಮನೆ ಮೀಟರೂ ಯಾವುದೋ ಸತ್ತ ತಾತನ ಹೆಸರಲ್ಲೇ ಇರುತ್ತದೆ, ಬೇಕಾದರೆ ಬೆಟ್ ಕಟ್ಟುತ್ತೇನೆ. ಸಿಲಿಂಡರ್ ಎಲ್ಲಿ ಅನ್ನುವುದೂ ನಮ್ಮ ಕಡೆಯ ಮಾತೇ. ಒಬ್ಬಳು ಬಾಯಿಬಿಟ್ಟು ಕೇಳಿದಳು, ನಗೆಪಾಟಲಾದಳು. ಒಬ್ಬ ಕೇಳದೆ ಲಕೋಟೆಗಳನ್ನು ಡ್ರಾಯರಿಗೆ ತುರುಕಿದ, ಗುರುವಾದ.

ಇಲ್ಲ, ಕರಗಲ್ಲ.

ಲಕೋಟೆ ಫೋಟೋ ಪಬ್ಲಿಕ್ ಮಾಡುತ್ತೇನೆ ಅಂದೆ. ಅಕ್ಕ ಟೈಪ್ ಮಾಡಿದಳು: 'ಬೇಡ ಚೈತ್ರ. ಸತ್ತೋರ ಹೆಸರು ಬೀದಿಗೆ ತರಬೇಡ. ಬಿಟ್ಟುಬಿಡು.'

ಬಿಡಲ್ಲ. ಆದರೆ ಅವಳ ಮಾತು ದಾಟಲೂ ಆಗದು.

ನವೆಂಬರ್ 26, ಬುಧ

ಹನ್ನೆರಡು ದಿನ ಏನೂ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಎರಡು ಲೈವ್, ಎರಡು ಸಲ 'ಸೂಪರ್ ಅಣ್ಣ.' ರೀಲ್ ಐದು ಲಕ್ಷ ಮುಟ್ಟಿತು.

ಇವತ್ತು ಅಕ್ಕ ಒಂದು ಫೋಟೋ ಕಳಿಸಿದಳು. ಲಕೋಟೆ. ಕಂಪನಿಯದು. ಅವಳ ಹೆಸರು, ಸ್ಪೆಲಿಂಗ್ ಸಮೇತ ಸರಿಯಾಗಿ. ಕೆಳಗೆ ಅದೇ ಫ್ಲ್ಯಾಟಿನ ವಿಳಾಸ. ಅಮ್ಮನಿಗೆ ತೋರಿಸಿದೆ. ಅಕ್ಷರದ ಮೇಲೆ ಬೆರಳಾಡಿಸಿದಳು. "ಇದ್ರಾಗೆ ಶ್ರೀಲತಾ ಅನ್ನೋದು ಎಲ್ಲೈತೆ?"

ತೋರಿಸಿದೆ.

ಸ್ವಲ್ಪ ಹೊತ್ತಿಗೆ ಅಕ್ಕನ ಇನ್ನೊಂದು ಮೆಸೇಜ್. 'ಭಾನುವಾರ ಲೈವ್ ಎಷ್ಟೊತ್ತಿಗೆ?'

ಮೂರು ಸಲ ಓದಿದೆ.

ನವೆಂಬರ್ 29, ಶನಿ

ಲೈವಲ್ಲಿ ಕೊನೆಯ ಅರ್ಧ ಗಂಟೆ ನೋಡುಗರ ಕಾಲ್ ತಗೋತಾನೆ. ಕಾಲ್ ಲಿಸ್ಟ್ ಮಾಡುವವಳು ನಾನು. ಅವನು ಲಿಸ್ಟ್ ನೋಡುವುದೇ ಇಲ್ಲ, ನಂಬಿಕೆ.

ಕಾಲ್ ಮಾಡುತ್ತೇನೆ ಅಂದ ಅಕ್ಕನನ್ನು ಕೇಳಿದೆ, ಹೆಸರು 'ಮಿಸೆಸ್ ಡಾಯ್ಲ್' ಅಂತ ಹಾಕಲಾ? ಮಹಜಬೀನ್ ಬಿದ್ದು ಬಿದ್ದು ನಕ್ಕಳು. ಅಕ್ಕ ನಗಲಿಲ್ಲ. 'ನನ್ನ ಹೆಸರೇ ಹಾಕು.'

ಹಾಕಿದೆ. ಎರಡನೇ ಕಾಲ್.

ನವೆಂಬರ್ 30, ಭಾನುವಾರ. ಸಂಜೆ 6.40

ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪೆನ್ನು. ಅಕ್ಷರ ಸೊಟ್ಟಗಾದರೆ ಆಗಲಿ. ಮೊದಲ ಕಾಲ್ ಮುಗಿಯಿತು. ಎರಡನೆಯದನ್ನು ಒಳಗೆ ಬಿಟ್ಟೆ.

"ಹಾಂ ಚೆಪ್ಪಮ್ಮ… ಹೇಳಮ್ಮ, ಯಾರು?"

"ನಾನಣ್ಣ, ಶ್ರೀಲತಾ. ಸಿಲಿಂಡರ್ ಎಲ್ಲಿಡೋದು ಅಂದೋಳು."

ಅಮ್ಮ ಅಡುಗೆಮನೆಯಿಂದ ರಾಗಿಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕೂತಳು. ಫೋನಿಗೆ ಕಿವಿ ಕೊಟ್ಟಳು.

ಅವನು ನಗಲು ನೋಡಿದ. "ಓ… ಅಕ್ಕಾ, ಸಿಕ್ತಾ ಸಿಲಿಂಡರ್?"

"ಸಿಕ್ಕಿಲ್ಲಣ್ಣ, ಬೇಕಾಗಿಲ್ಲ. ಮೀಟ್ರು ನನ್ನ ಹೆಸ್ರಿಗೆ ಬಂತು. ನೀವಂದಂಗೇ ಮಾಡ್ಸ್‌ದೆ. ಒಂದೇ ಒಂದು ಡೌಟು. ಹಳ್ಳಿಯೋಳು ಕೇಳ್ತಾಳೆ ಅನ್ಕೋಬೇಡಿ. ನೀವಿದ್ದಾಗ ಅದು ಯಾರ ಹೆಸರಲ್ಲಿತ್ತು?"

ದನಿ ಒಂಚೂರೂ ನಡುಗಲಿಲ್ಲ. "ಇದು ಅವ್ಳೇ ಕಣೇ" ಅಂದಳು ಅಮ್ಮ.

ಅವನು ಪಕ್ಕಕ್ಕೆ ನೋಡುತ್ತಿದ್ದಾನೆ. ನೀರು ಕುಡಿದ. ನನಗೆ ಪ್ರೈವೇಟಾಗಿ ಮೆಸೇಜ್ ಬಂತು: 'ಚೈತ್ರ ಕಾಲ್ ಕಟ್ ಮಾಡು ಬೇಗ.' ಕಟ್ ಮಾಡುವ ಬಟನ್ ನನ್ನ ಹೆಬ್ಬೆರಳ ಕೆಳಗೇ ಇದೆ.

ಅಕ್ಕನ ಪ್ರಶ್ನೆಯನ್ನು ಟೈಪ್ ಮಾಡಿ ಪಿನ್ ಒತ್ತಿದೆ. ಅದು ಎಲ್ಲ ಕಮೆಂಟುಗಳ ಮೇಲೆ ಹೋಗಿ ಕೂತಿತು. ಎರಡು ಸಾವಿರದ ಮುನ್ನೂರು ಜನ ನೋಡುತ್ತಿದ್ದಾರೆ. ಅಮ್ಮನೂ.

ಹೇಳು ಯುವರಾಜ, ಯಾರ ಹೆಸರಲ್ಲಿತ್ತು?